ದೂತನನ್ನು ಹೊರಡಿಸಿದ ಅರಸನು



ಮುದಗಲ್ಲಿನ ಕೋಟೆಯನ್ನೂ ಅದರ ಸುತ್ತಲಿನ ಅಗಲವಾದ ಕಂದಕವನ್ನೂ ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದವರೂ ಇನ್ನೂರು ವರುಷಗಳ ಕಾಲ ಕಾದಾಡಿದರು. ಕಡೆಯ ಯುದ್ಧಕ್ಕೆ ಮುಂಚೆ ನಡೆದ ಸಂಗತಿಯೊಂದನ್ನು ಫೆರಿಷ್ತನೆಂಬ ಚರಿತ್ರೆಗಾರನು ಬರೆದಿಟ್ಟಿದ್ದಾನೆ. ಬಿಜಾಪುರದ ಅಲಿ ಆದಿಲ್ ಶಹನು ವಿಜಯನಗರಕ್ಕೆ ದೂತನನ್ನು ಕಳುಹಿಸಿ, ರಾಯಚೂರು ಮುದಗಲ್ಲು ಮೊದಲಾದ ಸ್ಥಳಗಳನ್ನು ತಿರಿಗಿ ಕೊಡಬೇಕೆಂದು ಕೇಳಿಸಿದನು. ರಾಜ್ಯಭಾರವನ್ನು ನಡಿಸುತ್ತಿದ್ದ ರಾಮರಾಯನು ಆ ದೂತನನ್ನು ಅವಮಾನಪಡಿಸಿ ಆಸ್ಥಾನದಿಂದ ಹೊರಡಿಸಿದನು. 1565ನೆಯ ಜನವರಿ 23ರಲ್ಲಿ ಯುದ್ಧವಾಗಿ ರಾಮರಾಯನ ತಲೆ ಹೋಯಿತು. ಅವನೊಬ್ಬನ ತಲೆ ಹೋಗಿದ್ದರೆ ಲೆಕ್ಕವು ಅಲ್ಲಿಗೇ ತೀರುತ್ತಿತ್ತು. ಆದರೆ ತುಂಗಭದ್ರೆಯ ದಡದ ಆ ಮಹಾಪಟ್ಟಣವು ಸೂರೆಯಾಗಿ, ದೂತನ ಮುಖವನ್ನೇ ಕಾಣದ ಬಡವರೂ ಕೂಸುಗಳೂ ಮನೆಯಿಲ್ಲದವರಾದರು. ಹಂಪೆಗೆ ಹೋದವರು ಆ ಹಾಳನ್ನು ಈಗಲೂ ಕಾಣಬಹುದು.

ಆ ದೂತನು ಸದ್ಭಾವದಿಂದ ಬಂದವನೋ, ಸುಲ್ತಾನರು ಮುಂಚೆಯೇ ಒಡಂಬಟ್ಟು ಯುದ್ಧಕ್ಕೆ ನೆವ ಹುಡುಕಲಿಕ್ಕಾಗಿ ಅವನನ್ನು ಕಳುಹಿಸಲಿಲ್ಲವೋ, ಎಂದು ನೀವು ಕೇಳಬಹುದು. ನಿಜವೇ, ಫೆರಿಷ್ತನೂ ಹಾಗೆಯೇ ಹೇಳುತ್ತಾನೆ. ಸಮಾಧಾನದಿಂದ ಕೇಳಿದ್ದರೆ ಯುದ್ಧವು ತಪ್ಪುತ್ತಿತ್ತೆಂದು ನಾನು ಹೇಳಲಾರೆನು. ಆದರೆ ಶತ್ರುಗಳಿಗೆ ಬೇಕಾಗಿದ್ದ ನೆವವನ್ನು ರಾಮರಾಯನು ತನ್ನ ಕೈಯಿಂದಲೇ ಕೊಟ್ಟನು.

ಸೊಲೊಮೋನನ ಮಗನಾದ ರೆಹಬ್ಬಾಮನ ಬಳಿಗೆ ಬಂದವರಾದರೋ ನೊಗವನ್ನು ಹಗುರಮಾಡಬೇಕೆಂದು ಮಾತ್ರ ಬೇಡಿದರು. ಅವನು ಮೂರು ದಿನ ತಡೆದು, ಹಿರಿಯರ ಆಲೋಚನೆಯನ್ನು ಕೇಳಿ, ಅದನ್ನು ಬಿಟ್ಟುಬಿಟ್ಟನು. ಕಿವಿಗೆ ಬಿದ್ದದ್ದು ಹೃದಯಕ್ಕೆ ಇಳಿಯಲಿಲ್ಲ. ಹತ್ತು ಗೋತ್ರಗಳು ಅವನನ್ನು ಬಿಟ್ಟುಹೋದವು.

ಅರಸರ ಮಾತು ಹಾಗಿರಲಿ, ನನ್ನದನ್ನು ಹೇಳುತ್ತೇನೆ. ಕೆಲವು ವರುಷಗಳ ಹಿಂದೆ ಒಬ್ಬ ಸಹೋದರನು ನನ್ನ ಬಾಗಲಿಗೆ ಬಂದು, ಸಭೆಯ ಜೋಳವನ್ನು ವಿಧವೆಯರಿಗೆ ಅಳೆದು ಕೊಡುವ ಸೇರು ಕಡಿಮೆಯಾಗಿದೆಯೆಂದು ಹೇಳತೊಡಗಿದನು. ಅಳೆಯುವವನಿಗೂ ಈತನಿಗೂ ಹೊಲದ ಬದುವಿನ ವ್ಯಾಜ್ಯವಿದ್ದದ್ದನ್ನು ನಾನು ಬಲ್ಲೆನು. ಇದು ಹೊಟ್ಟೆಕಿಚ್ಚಿನ ಮಾತೆಂದು, ಆತನ ಬಾಯಿಂದ ಪೂರಾ ಬರುವದಕ್ಕೆ ಮುಂಚೆಯೇ ಆತನನ್ನು ಕಳುಹಿಸಿಬಿಟ್ಟೆನು. ಮುಂದಿನ ಸುಗ್ಗಿಯಲ್ಲಿ ಅಂಗಡಿಯ ಸೇರನ್ನು ತರಿಸಿ ನಾನೇ ಅಳೆದಾಗ ನಮ್ಮ ಸೇರು ಒಂದು ಹಿಡಿ ಕಡಿಮೆಯಾಗಿತ್ತು. ಆತನಿಗೆ ಹಗೆಯಿದ್ದದ್ದೂ ನಿಜ, ಸೇರು ಕಡಿಮೆಯಿದ್ದದ್ದೂ ನಿಜ. ಒಂದು ವರುಷವೆಲ್ಲಾ ಆ ವಿಧವೆಯರು ಸೇರಿಗೊಂದು ಹಿಡಿಯಂತೆ ಕಳಕೊಂಡಿದ್ದರು. ಅದು ನನ್ನ ಕಿವಿಯ ದೆಸೆಯಿಂದ.

ಆ ಸಾಯಂಕಾಲ ಆತನ ಮನೆಗೆ ಹೋದೆನು. ಆತನು ಕಂಬಳಿ ಹಾಸಿ, ಕುಡಿಯಲು ನೀರು ಕೊಟ್ಟು, ನಾನು ಹೇಳಬಂದದ್ದನ್ನು ನಡುವೆ ಬಾಯಿ ಹಾಕದೆ ಕಡೆಯ ವರೆಗೆ ಕೇಳಿದನು.