ತಪ್ಪಿಗೂ ತೂಕ ಇದೆ, ಶಿಕ್ಷೆಗೂ ತೂಕ ಇದೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಯೌವನಸ್ಥರ ಸಂಯುಕ್ತ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಧರ್ಮೋಪದೇಶಕಾಂಡ 25:1-3, 13-16; 2 ಕೊರಿಂಥ 2:5-8; ಲೂಕ 23:39-43

  ನಾಲ್ಕೂ ತಾಲ್ಲೂಕಿನಿಂದ ಬಸ್ಸು, ಬೈಕು ಹತ್ತಿ ಬಂದಿದ್ದೀರಿ. ಕೆಲಸದ ಮೇಲೆ ಬೆಂಗಳೂರಿನಲ್ಲಿರುವವರು ಮೊಬೈಲಿನಲ್ಲಿ ನೋಡ್ತಾ ಇದ್ದೀರಿ. ದೇವರಿಗೆ ಸ್ತೋತ್ರ.

ಇಲ್ಲಿ ಮೇಜಿನ ಮೇಲೆ ಒಂದು ಕಪ್ ಇಟ್ಟಿದ್ದೀನಿ. ಇದು ಯಾಕೆ ಇಲ್ಲಿದೆ ಅಂತ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕು. ಹೇಳುವ ಮೊದಲು ಒಂದು ಮಾತು: ಶುಕ್ರವಾರ ಸಂಜೆ ಆ ತಮ್ಮನ ಜೊತೆ ಕೂತು, ನಾನು ಇವತ್ತು ಏನು ಹೇಳ್ತೀನಿ ಅನ್ನೋದನ್ನ ಅವನಿಗೆ ಓದಿ ಹೇಳಿದ್ದೀನಿ. ಅವನ ಒಪ್ಪಿಗೆ ಸಿಕ್ಕ ಮೇಲೆ ಮಾತಾಡ್ತಾ ಇದ್ದೀನಿ.

ಜನವರಿ 26ಕ್ಕೆ ನಮ್ಮ ಟೆನ್ನಿಸ್ ಬಾಲ್ ಟೂರ್ನಮೆಂಟ್ ನಡೀತಲ್ಲ, ಫೈನಲ್ ಮಧುಗಿರಿಗೂ ಕೊರಟಗೆರೆಗೂ ಬಿತ್ತು. ಎಂಟು ಓವರ್ ಮ್ಯಾಚು. ನಾವು 64 ಹೊಡೆದೆವು ಅಂತ ಶೀಟಿನಲ್ಲಿ ಇತ್ತು. ಕೊರಟಗೆರೆಯವರು 63ಕ್ಕೆ ನಿಂತರು. ಕಪ್ ನಮಗೆ. ಇನಿಂಗ್ಸ್ ಮುಗಿದಾಗಲೇ ಕೊರಟಗೆರೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. "ಪಾಸ್ಟರಣ್ಣ, ನಮ್ಮ ಲೆಕ್ಕದಲ್ಲಿ 62 ಬರ್ತಿದೆ" ಅಂದ. ನಾನು ಏನಂದೆ ಗೊತ್ತಾ? "ನಮ್ಮ ಹುಡುಗ ಸುಳ್ಳು ಬರೆಯಲ್ಲ, ಹೋಗಿ ಆಡಪ್ಪ" ಅಂದೆ. ಶೀಟನ್ನ ಕೈಗೆ ತಗೊಂಡು ಕೂಡ ನೋಡಲಿಲ್ಲ.

ಮೂರು ದಿನ ಆದ ಮೇಲೆ ಯಾರದೋ ಮೊಬೈಲಿನ ವಿಡಿಯೋ ಬಂತು. ಒಂದೊಂದು ಬಾಲೂ ಎಣಿಸಿದರೆ 62. ಎರಡು ಕಡೆ ಒಂದು ರನ್ನನ್ನು ಎರಡು ಅಂತ ಬರೆದಿತ್ತು. ಬರೆದವನು ನಮ್ಮ ಸ್ಕೋರರ್, ಆರಾಧನೆಯಲ್ಲಿ ಕೀಬೋರ್ಡ್ ನುಡಿಸುವ ತಮ್ಮ.

ನನಗೆ ಸಿಟ್ಟು ಬಂತು. ಅದು ಪರಿಶುದ್ಧವಾದ ಸಿಟ್ಟು ಅಂತ ಆವತ್ತು ಅಂದುಕೊಂಡಿದ್ದೆ. ಈಗ ನೋಡಿದರೆ, ಕೊರಟಗೆರೆಯವರ ಮುಂದೆ ನನ್ನ ಮಾನ ಹೋಯ್ತಲ್ಲ ಅನ್ನೋ ಸಿಟ್ಟು ಅದು. ರಾತ್ರಿಯೇ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು ಬರೆದು ಅವನನ್ನ ತೆಗೆದುಹಾಕಿದೆ. ಭಾನುವಾರ ಇದೇ ಪೀಠದಿಂದ ಹೆಸರು ಹಿಡಿದು ಹೇಳಿದೆ. ಕೀಬೋರ್ಡ್ ಮುಟ್ಟಬೇಡ ಅಂದೆ. ಎಷ್ಟು ದಿನ ಅಂತ ಹೇಳಲಿಲ್ಲ. ಅವನು ಆಮೇಲೆ ಸಭೆಗೆ ಬರೋದನ್ನೇ ನಿಲ್ಲಿಸಿದ.

ಹದಿನೈದು ದಿನ ಬಿಟ್ಟು ಅವನ ತಾಯಿ ಮನೆಗೆ ಬಂದರು. ಅವರು ಪಾವಗಡ ಕಡೆಯವರು, ಕೂಲಿ ಮಾಡ್ತಾರೆ. ಜಗಳ ಆಡಲಿಲ್ಲ. "ಅಯ್ಯಗಾರೇ, ನನ್ನ ಮಗ ತಪ್ಪು ಮಾಡಿದ್ದಾನೆ, ಶಿಕ್ಷೆ ಕೊಡಿ. ಆದ್ರೆ ಮ್ಯಾಚು ಅವನೊಬ್ಬನೇ ಆಡಿದ್ನಾ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ, ಸನ್ನೆ ಮಾಡಿ ಬರೆಯೋಕೆ ಹೇಳಿದ್ದು ನಮ್ಮ ಕ್ಯಾಪ್ಟನ್ ಅಂತ ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ಕ್ಯಾಪ್ಟನ್ ನಮ್ಮ ಹಿರಿಯರೊಬ್ಬರ ಮಗ. ಅವನನ್ನ ನಾನು ಹೋಟೆಲಿಗೆ ಕರ್ಕೊಂಡು ಹೋಗಿ, ಟೀ ಕುಡಿಸಿ, "ಇನ್ನೊಂದು ಸಲ ಹೀಗೆ ಮಾಡಬೇಡಪ್ಪ" ಅಂತ ಬೆನ್ನು ತಟ್ಟಿ ಕಳಿಸಿದ್ದೆ.

ಆ ರಾತ್ರಿ ಧರ್ಮೋಪದೇಶಕಾಂಡ 25 ಓದಿದೆ. ನೀವೂ ತೆಗೀರಿ. ಹದಿಮೂರನೇ ವಚನದಿಂದ ದೇವರು ತೂಕದ ಕಲ್ಲಿನ ವಿಷಯ ಹೇಳ್ತಾನೆ. ಚೀಲದಲ್ಲಿ ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬಾರದು, ದೊಡ್ಡದೊಂದು, ಚಿಕ್ಕದೊಂದು. ಮನೆಯಲ್ಲಿ ಎರಡು ಬಗೆಯ ಅಳತೆ ಇರಬಾರದು. ಇದನ್ನ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾ? ಹುಣಸೆಹಣ್ಣು, ಕಡ್ಲೆಕಾಯಿ ಮಾರಿದ ಮನೆಯವರು ನಾವು. ಕೊಳ್ಳೋಕೆ ಒಂದು ಸೇರು, ಮಾರೋಕೆ ಒಂದು ಸೇರು ಇಟ್ಟವರ ಕಥೆ ನಮ್ಮಜ್ಜಂದಿರು ಹೇಳ್ತಿದ್ದರು. ಮೋಸ ಅಂದರೆ ಅದು. ಸ್ಕೋರ್ ಶೀಟೂ ಒಂದು ತಕ್ಕಡಿಯೇ. ಒಂದನ್ನ ಎರಡು ಅಂತ ಬರೆದವನು ತಕ್ಕಡಿಗೆ ಕೈ ಹಚ್ಚಿದ.

ಆದರೆ ಅದೇ ಅಧ್ಯಾಯದ ಮೊದಲ ಮೂರು ವಚನ ನೋಡಿ. ಅಲ್ಲಿ ಶಿಕ್ಷೆಯ ವಿಷಯ ಇದೆ. ತಪ್ಪಿತಸ್ಥನಿಗೆ ಏಟು ಕೊಡಬೇಕಾದರೆ ನ್ಯಾಯಾಧಿಪತಿ ಎದುರಿಗೇ ಇರಬೇಕು. ತಪ್ಪು ಎಷ್ಟೋ ಏಟು ಅಷ್ಟೇ, ಅದನ್ನೂ ಎಣಿಸಿ ಕೊಡಬೇಕು. ಏನೇ ಆದರೂ ನಲವತ್ತು ದಾಟಬಾರದು. ಕಾರಣ ಏನು ಕೊಟ್ಟಿದ್ದಾನೆ ದೇವರು? ದಾಟಿದರೆ ನಿನ್ನ ಸಹೋದರ ನಿನ್ನ ಕಣ್ಣಿಗೆ ಕೀಳಾಗಿಬಿಡ್ತಾನೆ ಅಂತ. ಗಮನಿಸಿ ಪ್ರಿಯರೇ, ಏಟು ತಿಂತಾ ನೆಲದ ಮೇಲೆ ಬಿದ್ದಿರುವವನನ್ನ ದೇವರು ಆಗಲೂ ನಿನ್ನ ಸಹೋದರ ಅಂತಲೇ ಕರೀತಾನೆ. ಯೆಹೂದ್ಯರು ಎಣಿಕೆಯಲ್ಲಿ ಎಲ್ಲಿ ತಪ್ಪಿ ಒಂದು ಹೆಚ್ಚಾಗುತ್ತೋ ಅಂತ ಮೂವತ್ತೊಂಬತ್ತಕ್ಕೇ ನಿಲ್ಲಿಸ್ತಿದ್ದರು. ಪೌಲನು ಐದು ಸಲ ತಿಂದದ್ದು ಆ ಮೂವತ್ತೊಂಬತ್ತೇ, 2 ಕೊರಿಂಥ 11:24ರಲ್ಲಿದೆ.

ಒಂದೇ ಅಧ್ಯಾಯದಲ್ಲಿ ಶಿಕ್ಷೆಯ ಎಣಿಕೆಯೂ ಇದೆ, ತೂಕದ ಕಲ್ಲೂ ಇದೆ. ತಪ್ಪು ಮಾಡುವಾಗ ಕಳ್ಳತೂಕ ಪಾಪ ಆದರೆ, ಶಿಕ್ಷೆ ಕೊಡುವಾಗ ಕಳ್ಳತೂಕವೂ ಪಾಪವೇ. ಹಿರಿಯರ ಮಗನಿಗೆ ಚಿಕ್ಕ ಕಲ್ಲು, ಕೂಲಿಯವರ ಮಗನಿಗೆ ದೊಡ್ಡ ಕಲ್ಲು. ಆ ಎರಡು ಕಲ್ಲು ನನ್ನ ಚೀಲದಲ್ಲಿತ್ತು.

ಇದು ನಮ್ಮ ಮೈದಾನದ ಕಥೆ ಮಾತ್ರ ಆಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ದೊಡ್ಡ ಆಟದಲ್ಲೂ ಇದೇ ಪ್ರಶ್ನೆ ಬಂದಿದೆ. ಕರ್ನಾಟಕ ಪ್ರೀಮಿಯರ್ ಲೀಗ್, ಕೆಪಿಎಲ್, ನಿಮಗೆ ನೆನಪಿದೆ. 2009ರಲ್ಲಿ ಶುರುವಾಯ್ತು. 2019ರ ಫೈನಲ್ ಮೈಸೂರಿನಲ್ಲಿ, ಬಳ್ಳಾರಿ ಟಸ್ಕರ್ಸ್ ವಿರುದ್ಧ ಹುಬ್ಬಳ್ಳಿ ಟೈಗರ್ಸ್ ಗೆದ್ದಿತು. ಸ್ವಲ್ಪ ದಿನದಲ್ಲೇ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್, ಫಿಕ್ಸಿಂಗ್ ಕೇಸು ಹಿಡಿದರು. ಸೆಪ್ಟೆಂಬರಿನಲ್ಲಿ ಬೆಳಗಾವಿ ತಂಡದ ಮಾಲೀಕರ ಬಂಧನ ಆಯ್ತು, ನವೆಂಬರಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರದ್ದು. ದುಡ್ಡು ತಗೊಂಡು ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಿದರು ಅನ್ನೋದು ಪೊಲೀಸರ ಆರೋಪ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ವಂಚನೆ ಕೇಸನ್ನ ರದ್ದು ಮಾಡಿತು. ಟಿಕೆಟ್ ಕೊಂಡವರು ತಾವಾಗಿಯೇ ಕೊಂಡಿದ್ದಾರೆ, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ವಂಚನೆ ಆಗಲ್ಲ ಅಂತ ಹೇಳಿತು. ಫಿಕ್ಸಿಂಗ್ ಮಾಡಿದ್ದರೆ ಅದು ಅಪ್ರಾಮಾಣಿಕತೆ, ಶಿಸ್ತಿನ ಕ್ರಮ ತಗೊಳ್ಳೋದು ಬಿಸಿಸಿಐ ಕೆಲಸ ಅಂತಲೂ ಹೇಳಿತು.

ಆ ಆಟಗಾರರ ಹೆಸರನ್ನ ನಾನು ಈ ಪೀಠದಿಂದ ಹೇಳಲ್ಲ. ಕೋರ್ಟ್ ರದ್ದು ಮಾಡಿದ ಕೇಸಿನಲ್ಲಿ ಅವರನ್ನ ಕಳ್ಳರು ಅನ್ನೋಕೆ ನಾನು ಯಾರು? ಹೆಸರು ಹೇಳುವ ಚಟ ಏನು ಮಾಡುತ್ತೆ ಅಂತ ಈ ವರ್ಷ ಕಲಿತಿದ್ದೀನಿ. ಆದರೆ ಎರಡು ವಿಷಯ ಯೋಚನೆ ಮಾಡಿ. ಒಂದು, ಕಾನೂನಿನಲ್ಲಿ ಸೆಕ್ಷನ್ ಸಿಗದಿದ್ದರೂ ದೇವರ ಎದುರಿಗೆ ಮೋಸ ಮೋಸವೇ. ಆಫೀಸಿನಲ್ಲಿ ಟೈಮ್ ಶೀಟ್ ತುಂಬಿಸುವವರು, ರೆಸ್ಯೂಮಿನಲ್ಲಿ ಇಲ್ಲದ ಎರಡು ವರ್ಷದ ಅನುಭವ ಸೇರಿಸುವವರು ಇಲ್ಲೂ ಇದ್ದೀರಿ. ಎರಡು, 2019ರ ನಂತರ ಕೆಪಿಎಲ್ ನಡೆಯಲೇ ಇಲ್ಲ. ಮಧ್ಯೆ ಕೊರೊನಾ ಕೂಡ ಬಂತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸ ಟೂರ್ನಿ ಶುರುವಾಗುವ ತನಕ, ಯಾವ ತಪ್ಪೂ ಮಾಡದ ಎಷ್ಟೋ ಹುಡುಗರು ಆಡೋಕೆ ಆ ವೇದಿಕೆ ಇಲ್ಲದೆ ಕಾದರು. ಮೋಸದ ಬೆಲೆಯನ್ನ ಮೋಸ ಮಾಡದವರೂ ಕಟ್ಟುತ್ತಾರೆ. ಅದಕ್ಕೇ ಅದು ಚಿಕ್ಕ ಪಾಪ ಅಲ್ಲ.

ಇನ್ನೊಂದು ಕೇಸು. 2013ರ ಐಪಿಎಲ್, ರಾಜಸ್ಥಾನ ರಾಯಲ್ಸ್ ತಂಡ. ಕ್ಯಾಪ್ಟನ್ ನಮ್ಮ ರಾಹುಲ್ ದ್ರಾವಿಡ್. ಅದೇ ತಂಡದ ಶ್ರೀಶಾಂತ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಅರೆಸ್ಟ್ ಆದರು. ಬಿಸಿಸಿಐ ಜೀವನಪೂರ್ತಿ ನಿಷೇಧ ಹಾಕಿತು. 2015ರಲ್ಲಿ ದೆಹಲಿಯ ಕೋರ್ಟ್ ಅವರನ್ನ ಕೇಸಿನಿಂದ ಬಿಡುಗಡೆ ಮಾಡಿದರೂ ನಿಷೇಧ ಹೋಗಲಿಲ್ಲ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ತಪ್ಪಿತಸ್ಥ ಅನ್ನೋ ಬಿಸಿಸಿಐ ತೀರ್ಮಾನವನ್ನ ಹಾಗೇ ಬಿಟ್ಟು, ಜೀವನಪೂರ್ತಿ ಅನ್ನೋ ಶಿಕ್ಷೆಯನ್ನ ಮಾತ್ರ ಪಕ್ಕಕ್ಕೆ ಇಟ್ಟು, ಅದರ ಪ್ರಮಾಣವನ್ನ ಮತ್ತೆ ಯೋಚಿಸಿ ಅಂತ ಹೇಳಿತು. ಅದೇ ವರ್ಷ ಬಿಸಿಸಿಐ ಓಂಬುಡ್ಸ್‌ಮನ್ ಡಿ.ಕೆ. ಜೈನ್ ಅದನ್ನ ಏಳು ವರ್ಷಕ್ಕೆ ಇಳಿಸಿದರು. 2020ರ ಸೆಪ್ಟೆಂಬರಿಗೆ ಮುಗೀತು, 2021ರಲ್ಲಿ ಅವರು ಮತ್ತೆ ಕೇರಳಕ್ಕೆ ಆಡಿದರು. ಆ ಶಿಕ್ಷೆಗೆ ಲೆಕ್ಕ ಸಿಕ್ಕಿತು. ಒಂದು ಕೊನೆಯ ದಿನ ಸಿಕ್ಕಿತು.

ಅಮೆರಿಕದಲ್ಲಿ ಅವರದೇ ಒಂದು ಫುಟ್ಬಾಲ್ ಇದೆ, ಕೈಯಲ್ಲಿ ಚೆಂಡು ಹಿಡಿದು ಓಡೋದು. ಅಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅನ್ನೋ ತಂಡ. ಹೆಸರು ನೋಡಿ, ಪರಿಶುದ್ಧರು ಅಂತ! ಎದುರಾಳಿಯನ್ನ ಗಾಯ ಮಾಡಿ ಹೊರಗೆ ಕಳಿಸಿದರೆ ಇನಾಮು ಅನ್ನೋ ಪದ್ಧತಿ ನಡೆಸಿದರು ಅಂತ 2012ರಲ್ಲಿ ಹೊರಬಂತು. ಮುಖ್ಯ ಕೋಚಿಗೆ ಒಂದು ಇಡೀ ಸೀಸನ್ ಅಮಾನತು. ನಾಲ್ಕು ಆಟಗಾರರಿಗೂ ಅಮಾನತು. ಆಟಗಾರರು ಮೇಲ್ಮನವಿ ಹಾಕಿದರು. ಕೇಳಿದವರು ಆ ಲೀಗಿನ ಹಿಂದಿನ ಕಮಿಷನರ್ ಪಾಲ್ ಟ್ಯಾಗ್ಲಿಯಾಬು. ತಪ್ಪು ನಡೆದಿದೆ ಅಂತ ಒಪ್ಪಿಕೊಂಡೇ ಅವರು ಆಟಗಾರರ ಶಿಕ್ಷೆಯನ್ನ ರದ್ದು ಮಾಡಿದರು. ಕೋಚುಗಳು, ತಂಡ ನಡೆಸುವವರು ಇದನ್ನ ಬೆಳೆಸಿದ್ದಾರೆ, ಹೊಣೆ ಹೆಚ್ಚಾಗಿ ಅವರದ್ದು ಅನ್ನೋದು ಅವರ ತೀರ್ಮಾನ. ಇದನ್ನ ಓದಿದಾಗ ಆ ತಾಯಿಯ ಮಾತು ಮತ್ತೆ ಕಿವಿಗೆ ಬಿತ್ತು.

ಈಗ ಕೆಲವರು ಕೇಳಬಹುದು, "ಪಾಸ್ಟರಣ್ಣ, ನಾವು ಕೃಪೆಯ ಕಾಲದಲ್ಲಿದ್ದೀವಿ, ಶಿಕ್ಷೆ ಯಾಕೆ? ಕ್ಷಮಿಸಿಬಿಡಿ, ಮುಗೀತು." ಲೂಕ 23ಕ್ಕೆ ಬನ್ನಿ. ಕರ್ತನ ಪಕ್ಕದಲ್ಲಿ ಶಿಲುಬೆಯ ಮೇಲಿದ್ದ ಆ ಕಳ್ಳ ಏನು ಹೇಳಿದ? ನಾವು ಮಾಡಿದ್ದಕ್ಕೆ ತಕ್ಕದ್ದನ್ನೇ ಅನುಭವಿಸ್ತಾ ಇದ್ದೀವಿ, ಈತನು ಮಾತ್ರ ಏನೂ ತಪ್ಪು ಮಾಡಿಲ್ಲ ಅಂತ. ತನ್ನ ಶಿಕ್ಷೆಯನ್ನ ಒಪ್ಪಿಕೊಂಡ. ಆ ದಿನವೇ ಪರದೈಸಿನ ವಾಗ್ದಾನ ಸಿಕ್ಕಿತು. ಆದರೆ ಅವನನ್ನ ಯಾರೂ ಶಿಲುಬೆಯಿಂದ ಇಳಿಸಲಿಲ್ಲ. ಕ್ಷಮೆ ಸಿಕ್ಕಿತು ಅಂತ ಶಿಕ್ಷೆ ತಪ್ಪಲಿಲ್ಲ, ಶಿಕ್ಷೆ ನಡೀತಿದೆ ಅಂತ ಕ್ಷಮೆ ನಿಲ್ಲಲಿಲ್ಲ. ಹಲ್ಲೆಲೂಯಾ! ಅಲ್ಲಿ ನಡುವೆ ಇದ್ದಾತನೊಬ್ಬನಿಗೇ ತೂಕ ತಪ್ಪಿದ ಶಿಕ್ಷೆ ಬಿದ್ದದ್ದು. ಪಾಪವೇ ಇಲ್ಲದಾತನು ನಮ್ಮ ಪಾಪದ ಭಾರ ಹೊತ್ತನು. ನನ್ನ ಎರಡು ಕಲ್ಲಿನ ಭಾರವೂ ಅದರಲ್ಲಿತ್ತು.

ಅದಕ್ಕೇ ಪೌಲನು ಕೊರಿಂಥದ ಸಭೆಗೆ ಬರೆದದ್ದು. ತಪ್ಪು ಮಾಡಿದ ಒಬ್ಬನನ್ನ ಸಭೆ ಶಿಕ್ಷಿಸಿತ್ತು. ಆದದ್ದು ಸಾಕು, ಇನ್ನು ಕ್ಷಮಿಸಿ, ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲೇ ಮುಳುಗಿಹೋಗ್ತಾನೆ ಅಂತಾನೆ. "ಸಾಕು" ಅನ್ನೋದನ್ನ ಹೇಳೋಕೆ ಸಭೆಗೆ ಬರಬೇಕು. ಗ್ರೂಪಿನಿಂದ ತೆಗೆಯೋಕೆ ಒಂದು ಸೆಕೆಂಡ್ ಸಾಕು. ಮತ್ತೆ ಸೇರಿಸೋಕೆ ನನಗೆ ಐದು ವಾರ ಬೇಕಾಯ್ತು.

ಹಾಗಾಗಿ ನಾವೆಲ್ಲ ಕೂತು ತೂಕ ಸರಿ ಮಾಡಿದ್ದೀವಿ. ಸ್ಕೋರ್ ಬರೆದ ತಮ್ಮ ಮುಂದಿನ ಜನವರಿ 26ರ ಟೂರ್ನಮೆಂಟಿನಲ್ಲಿ ಸ್ಕೋರ್ ಬರೆಯಲ್ಲ. ಅಲ್ಲಿಗೆ ಅವನ ಶಿಕ್ಷೆ ಮುಗೀತು. ಕೀಬೋರ್ಡಿಗೂ ಸ್ಕೋರ್ ಶೀಟಿಗೂ ಸಂಬಂಧ ಇಲ್ಲ, ಅದನ್ನ ಕಿತ್ತುಕೊಂಡದ್ದು ನನ್ನ ತಪ್ಪು. ಮುಂದಿನ ಭಾನುವಾರದಿಂದ ಅವನು ನುಡಿಸ್ತಾನೆ. ಸನ್ನೆ ಮಾಡಿದ ಕ್ಯಾಪ್ಟನ್ ಅದೇ ಟೂರ್ನಮೆಂಟಿನಲ್ಲಿ ಆಡಲ್ಲ, ನೀರು ಕೊಡ್ತಾನೆ. ಹೊಣೆ ದೊಡ್ಡದು, ಆದ್ದರಿಂದ ಶಿಕ್ಷೆಯೂ ಸ್ವಲ್ಪ ದೊಡ್ಡದು. ಇದು ನಮ್ಮ ಹಿರಿಯರಿಗೆ ಸುಲಭವಾಗಿ ಹಿಡಿಸಲಿಲ್ಲ. ಆದರೆ ಆ ಹುಡುಗನೇ ಶನಿವಾರ ಬಂದು "ನಾನು ಹೇಳದೆ ಇದ್ದಿದ್ರೆ ಅವನು ಬರೀತಿರಲಿಲ್ಲ ಅಣ್ಣ" ಅಂದ. ನಾನು ಮುಂದಿನ ವರ್ಷ ಮ್ಯಾಚಿನ ಉಸ್ತುವಾರಿ ನೋಡಲ್ಲ. ಪೀಠದಿಂದ ಅವನ ಹೆಸರು ಹೇಳಿದ್ದೆ, ಆದ್ದರಿಂದ ಪೀಠದಿಂದಲೇ ಕ್ಷಮೆ ಕೇಳ್ತಾ ಇದ್ದೀನಿ. ತಮ್ಮಾ, ಹಿಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದೀಯ. ನನ್ನನ್ನ ಕ್ಷಮಿಸು.

ಕೊರಟಗೆರೆಯ ತಂಡದವರು ಮುಂದೆ ಬನ್ನಿ. ಆವತ್ತು "62" ಅಂದ ಹುಡುಗ ಮೊದಲು ಬರಲಿ. ನೀನು ಸರಿಯಾಗಿ ಎಣಿಸಿದ್ದೆ, ನಾನು ಕೇಳಲಿಲ್ಲ. ಕಪ್ಪನ್ನ ನಮ್ಮ ಕ್ಯಾಪ್ಟನ್ ಕೊಡ್ತಾನೆ.

ಉಳಿದವರೆಲ್ಲ ಕಣ್ಣು ಮುಚ್ಚಿ. ನಿನ್ನ ಚೀಲದಲ್ಲಿ ಎರಡು ಕಲ್ಲು ಇದೆಯಾ, ನೋಡಿಕೋ. ಮನೆಯಲ್ಲಿ ತಂಗಿಗೆ ಒಂದು, ನಿನಗೆ ಒಂದು. ಕೆಲಸದಲ್ಲಿ ಬೇಕಾದವರಿಗೆ ಒಂದು, ಬೇಡದವರಿಗೆ ಒಂದು. ಯಾರಿಗಾದರೂ ಕೊನೆಯ ದಿನವೇ ಇಲ್ಲದ ಶಿಕ್ಷೆ ಕೊಟ್ಟು ಮಾತು ಬಿಟ್ಟಿದ್ದೀಯಾ? ಇವತ್ತು ರಾತ್ರಿ ಆ ನಂಬರಿಗೆ ಫೋನ್ ಮಾಡು.

ಪ್ರಾರ್ಥನೆ ಮಾಡೋಣ. ಕರ್ತನೇ, ನೀನು ನೀತಿಯಿಂದ ತೂಗುವ ದೇವರು. ನಮ್ಮ ಕೈಯ ಕಳ್ಳತೂಕವನ್ನ ತೆಗೆದುಹಾಕು. ತಪ್ಪು ಮಾಡಿದಾಗ ಒಪ್ಪಿಕೊಳ್ಳುವ ಧೈರ್ಯ ಕೊಡು. ಶಿಕ್ಷೆ ಕೊಡುವಾಗ ಎದುರಿಗಿರುವವನು ನಮ್ಮ ಸಹೋದರ ಅನ್ನೋದನ್ನ ಪವಿತ್ರಾತ್ಮನು ನೆನಪಿಸಲಿ. ದೂರ ಹೋದವರನ್ನ ಮನೆಗೆ ತಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.