ಸಕ್ಕರೆಯ ಭರಣಿಯೂ ಅಹಿಂಸಾವ್ರತವೂ



ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳನ್ನು ಹೇಳುವಾಗ ಆದಾನನಿಕ್ಷೇಪಣ ಸಮಿತಿಯನ್ನೂ ಸೇರಿಸಿದ್ದಾರೆ. ವಸ್ತುವನ್ನು ನೋಡಿ ತೆಗೆದುಕೊಳ್ಳಬೇಕು, ನೋಡಿ ಇಡಬೇಕು. ಇದು ಮುನಿಗಳ ಪಿಂಛಿ ಕಮಂಡಲುಗಳ ಮಾತೆಂದು ಗೃಹಸ್ಥರು ಸುಮ್ಮನಾಗುವುದುಂಟು. ಅಡುಗೆಮನೆಯ ಸಕ್ಕರೆಯ ಭರಣಿಗೂ ಅದು ಅನ್ವಯಿಸುತ್ತದೆ.

ಒಣಗಿದ ಸಕ್ಕರೆ ತಾನಾಗಿ ಕೆಡುವ ಪದಾರ್ಥವಲ್ಲ. ಆದರೆ ಗಾಳಿಯ ತೇವವನ್ನು ಹೀರುವ ಗುಣ ಅದಕ್ಕಿದೆ. ಮೂಡಬಿದಿರೆ, ಕಾರ್ಕಳದ ಕಡೆ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದರೆ ಸಕ್ಕರೆ ಒದ್ದೆಯಾಗುತ್ತದೆ. ತೇವ ಆರಿದಾಗ ಹರಳುಗಳು ಅಂಟಿಕೊಂಡು ಗಟ್ಟಿಯಾಗುತ್ತವೆ. ಒದ್ದೆ ಚಮಚದಿಂದಲೂ ಹಾಗೆಯೇ. ಗಟ್ಟಿಯಾದುದನ್ನು ಒಡೆದು ಬಳಸಬಹುದು. ಚಿಂತಿಸಬೇಕಾದುದು ಇರುವೆಯ ವಿಷಯ.

ಇರುವೆ ತ್ರೀಂದ್ರಿಯ ಜೀವ. ವಾಸನೆ ಹಿಡಿದು ಬರುವುದು ಅದರ ಸ್ವಭಾವ. ದಾರಿ ತೆರೆದಿಟ್ಟದ್ದು ಗೃಹಸ್ಥನ ಪ್ರಮಾದ. ನೀರು ತುಂಬಿದ ತಟ್ಟೆಯ ನಡುವೆ ಭರಣಿ ಇಡುವುದು ಹಳೆಯ ಪದ್ಧತಿ, ಸದುದ್ದೇಶದ್ದೇ. ಆದರೆ ಬೆಳಗ್ಗೆ ನೋಡಿದರೆ ಸಕ್ಕರೆ ಉಳಿದಿರುತ್ತದೆ, ನೀರಿನಲ್ಲಿ ಇರುವೆಗಳು ತೇಲುತ್ತಿರುತ್ತವೆ! ಇರುವೆ ಹೊಕ್ಕ ಸಕ್ಕರೆಯನ್ನು ಸುಡುವ ಬಿಸಿಲಿಗಿಟ್ಟರೂ ಎಷ್ಟೋ ಜೀವಗಳು ಅಲ್ಲಿಯೇ ಬೇಯುತ್ತವೆ. ನೆರಳಿನಲ್ಲಿ ಅಗಲವಾಗಿ ಹರಡಿ, ಆಗಾಗ ಮೆಲ್ಲನೆ ಕದಲಿಸುತ್ತಿದ್ದರೆ ಅವು ಹೊರಟುಹೋಗುತ್ತವೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಸತ್ತ ಇರುವೆ ಕಂಡರೆ ಆ ಸಕ್ಕರೆ ತ್ಯಾಜ್ಯವೇ ಸರಿ. ಪಾನಕಕ್ಕೆ ಹಾಕಿ ಸೋಸುವ ಜಾಣತನ ಶ್ರಾವಕರಿಗೆ ಒಪ್ಪದು.

ಇದಕ್ಕಿಂತ ಮೊದಲೇ ಎಚ್ಚರ ವಹಿಸುವುದು ಸುಲಭ. ಒಣಗಿದ ಗಾಜಿನ ಭರಣಿ, ಬಿಗಿಯಾದ ಮುಚ್ಚಳ, ಒಣ ಚಮಚ, ಅಲ್ಪ ಸಂಗ್ರಹ. ಸಕ್ಕರೆ ಪಾಕವನ್ನು ಕಾಯಿಸಿ ಮಾಡುವ ಬೂರಾ ಪುಡಿಗೆ ಮಳೆಗಾಲದಲ್ಲಿ 7 ದಿನ, ಬೇಸಗೆಯಲ್ಲಿ 15 ದಿನ, ಚಳಿಗಾಲದಲ್ಲಿ ಒಂದು ತಿಂಗಳೆಂದು ಮರ್ಯಾದೆ ಹೇಳುತ್ತಾರೆ. ಹರಳು ಸಕ್ಕರೆಯನ್ನು ತರುವಾಗಲೂ ಈ ಲೆಕ್ಕವನ್ನೇ ಹಿಡಿದರೆ ಪರಿಗ್ರಹ ಪರಿಮಾಣಕ್ಕೂ ಸಹಾಯವಾದೀತು. ಅಗ್ಗವೆಂದು ಮೂಟೆ ತಂದ ಮನೆಯಲ್ಲಿ ಅದನ್ನು ದಿನವೂ ನೋಡುವವರು ಯಾರು?

ದಶಲಕ್ಷಣ ಪರ್ವ ಭಾದ್ರಪದದಲ್ಲಿ, ಮಳೆಯ ತೇವ ಆರುವ ಮೊದಲೇ ಬರುತ್ತದೆ. ಶ್ರಾವಿಕೆಯೊಬ್ಬಳು ರಸಪರಿತ್ಯಾಗವೆಂದು ಆ ಹತ್ತು ದಿನವೂ ಸಿಹಿಯನ್ನು ಬಿಡುತ್ತಾಳೆ. ಸಿಹಿ ಬಿಟ್ಟವಳು ಭರಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹನ್ನೊಂದನೆಯ ದಿನ ಪಾರಣೆಗೆಂದು ಮುಚ್ಚಳ ತೆಗೆದರೆ ಒಳಗೆಲ್ಲ ಇರುವೆ. ನಾಲಗೆಯ ತ್ಯಾಗ ನಡೆಯಿತು, ಕಣ್ಣಿನ ಎಚ್ಚರ ತಪ್ಪಿತು. ಆದುದರಿಂದ ಪರ್ವದ ಹಿಂದಿನ ದಿನ, ಸೂರ್ಯಾಸ್ತಕ್ಕೆ ಮೊದಲು ಬೆಳಕಿರುವಾಗಲೇ, ಭರಣಿಯನ್ನು ಬರಿದು ಮಾಡಿ ಒಣಬಟ್ಟೆಯಿಂದ ಒರೆಸಿಡುವುದು ಲೇಸು.