ಪ್ಯಾಕ್ ಮಾಡುವ ಹಕ್ಕು

ಯುಗಾದಿ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಇಸ್ಪೀಟು ಕಟ್ಟು ಹೊರಬರುತ್ತದೆ. ಹಬ್ಬದ ದಿನ ಒಬ್ಬಟ್ಟು, ಹೊಸತೊಡಕಿಗೆ ಬಾಡೂಟ, ನಡುನಡುವೆ ಎಲೆ. ವರ್ಷವಿಡೀ ಇಸ್ಪೀಟು ಮುಟ್ಟದವರೂ ಆಗ ಅರಳಿಕಟ್ಟೆಯಲ್ಲೋ ತೋಟದ ಮನೆಯಲ್ಲೋ ಕೂರುತ್ತಾರೆ. ಅಂಥ ಸುತ್ತಿನಲ್ಲಿ ಒಬ್ಬ ಇದ್ದೇ ಇರುತ್ತಾನೆ: ಒಳ್ಳೆಯ ಎಲೆ ಬಂದರಷ್ಟೇ ಆಡುವವನು, ಆಡಿದರೂ ತಾನಾಗಿ ಪಣ ಏರಿಸದವನು. ಎದುರಿನವರು ಹಾಕಿದಷ್ಟು ತಾನೂ ಹಾಕುತ್ತಾನೆ. ಕೈ ಮೀರಿತು ಅನ್ನಿಸಿದರೆ ಪ್ಯಾಕ್ ಮಾಡಿ ಸುಮ್ಮನಾಗುತ್ತಾನೆ. ಕೈ ಬಿಗಿ, ಮನಸ್ಸು ಮೆತ್ತಗೆ.

ಇಂಥವನ ಎದುರು ಹೇಗೆ ಆಡಬೇಕೆಂಬುದಕ್ಕೆ ಪೋಕರ್ ಆಟಗಾರರ ಬಳಿ ಸಿದ್ಧ ಉತ್ತರವಿದೆ. ಮೂರೆಲೆಯಲ್ಲಿ ಪಳಗಿದವರಿಗೂ ಅದು ಗೊತ್ತು. ಮೊತ್ತ ಸಣ್ಣದಿರುವಾಗಲೇ ಪದೇ ಪದೇ ಪಣ ಏರಿಸು, ಅವನು ಎಲೆ ಬಿಸಾಡುತ್ತಾನೆ. ಬಿಸಾಡದೆ ಹಿಂದೆಯೇ ಬಂದನೋ, ಬರಿಗೈಯಲ್ಲಿ ಬೆದರಿಸಲು ಹೋಗಬೇಡ. ನಿನ್ನ ಕೈಯಲ್ಲಿ ನಿಜಕ್ಕೂ ಎಲೆಯಿದ್ದಾಗ ಧೈರ್ಯವಾಗಿ ಹಾಕು, ಅವನು ಕೊನೆತನಕ ಕೊಡುತ್ತಾ ಹೋಗುತ್ತಾನೆ. ಅಪರೂಪಕ್ಕೆ ಅವನೇ ಪಣ ಏರಿಸಿದರೆ, ನಿನ್ನ ಎಲೆ ಎಷ್ಟೇ ಚಂದವಿರಲಿ, ಕೆಳಗಿಡು.

ಲೆಕ್ಕವೂ ಈ ಮಾತಿನ ಕಡೆಗೇ ಇದೆ. ಕೈಗೆ ಎರಡೆಲೆ ಹಂಚುವ ಪೋಕರಿನಲ್ಲಿ ಜೋಡಿ ಎಕ್ಕ ಬರುವುದು ಸರಾಸರಿ 221 ಆಟಕ್ಕೊಮ್ಮೆ. ಎದುರುಬದುರು ಕೂತು ಆಡುವಾಗ ಗಂಟೆಗೆ 30 ಆಟ ನಡೆದರೆ ಹೆಚ್ಚು. ಅಂದರೆ ಆ ಒಂದು ಜೋಡಿಗೆ ಏಳು ಗಂಟೆಗೂ ಮೀರಿ ಕಾಯಬೇಕು. 9 ಜನರ ಮೇಜಿನಲ್ಲಿ ಅಷ್ಟು ಹೊತ್ತಿಗೆ 24 ಸುತ್ತು ಮುಗಿದಿರುತ್ತದೆ, ಸುತ್ತು ಸುತ್ತಿಗೂ ಕಡ್ಡಾಯದ ಹಣ ಹೋಗಿರುತ್ತದೆ. ಅಂಜುಬುರುಕ ಒಂದೇ ಏಟಿಗೆ ಸೋಲುವುದಿಲ್ಲ, ಸವೆಯುತ್ತಾನೆ.

ಒಬ್ಬನ ಅಂಜಿಕೆಯನ್ನು ಓದಿ ಅದರಿಂದ ಲಾಭ ಮಾಡಿಕೊಳ್ಳುವುದು ಜಾಣತನವೋ ಅನ್ಯಾಯವೋ?

ನಮ್ಮ ಕಾನೂನು ಬಹುಕಾಲ ಬೇರೊಂದು ಪ್ರಶ್ನೆ ಕೇಳುತ್ತಿತ್ತು: ಆಟ ಅದೃಷ್ಟದ್ದೋ, ಕೌಶಲದ್ದೋ? 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಕೌಶಲವಾದರೆ ಮರ್ಯಾದೆ, ಅದೃಷ್ಟವಾದರೆ ಜೂಜು. ಆದರೆ ನೀತಿಯ ಕಣ್ಣಿಗೆ ಇದು ತಿರುಗುಮುರುಗಾಗಿಯೂ ಕಾಣಬಹುದು. ಅಂದರ್ ಬಾಹರ್‌ನಲ್ಲಿ ಜಾಣನಿಗೂ ದಡ್ಡನಿಗೂ ಎಲೆ ಒಂದೇ ತರಹ ಬೀಳುತ್ತದೆ. ಕೌಶಲದ ಆಟದಲ್ಲಾದರೆ ಸೋಲುವವನು ಯಾರೆಂದು ಬಲ್ಲವರಿಗೆ ಮೊದಲೇ ಗೊತ್ತಿರುತ್ತದೆ. 2025ರಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಈ ಭೇದವೆಣಿಸದೆ ನಿಷೇಧಿಸಿದ್ದು, ಪ್ರಶ್ನೆ ಆಟದ ಗುಣದಿಂದ ಆಡುವವನ ಹಾನಿಯ ಕಡೆಗೆ ಸರಿದದ್ದರ ಗುರುತು.

ಹಾಗೆಂದು ಎದುರಾಳಿಯನ್ನು ಓದುವುದೇ ಪಾಪವೆಂದರೆ ಚದುರಂಗವನ್ನೂ ಕಬಡ್ಡಿಯನ್ನೂ ನಿಲ್ಲಿಸಬೇಕಾಗುತ್ತದೆ. ನನಗೆ ತೋರುವಂತೆ, ಓದು ನ್ಯಾಯವಾಗಲು ಎರಡು ಷರತ್ತುಗಳಿವೆ. ಎದುರಿನವನಿಗೆ ತಾನು ಆಡುತ್ತಿರುವ ಆಟ ಏನೆಂದು ಗೊತ್ತಿರಬೇಕು. ಮತ್ತು ಬೇಡವೆನಿಸಿದಾಗ ಅವನು ಎಲೆ ಕೆಳಗಿಟ್ಟು ಏಳುವಂತಿರಬೇಕು.

ಮೊದಲನೆಯದಕ್ಕೆ ರಾಮನಗರದಲ್ಲೇ ಉದಾಹರಣೆಯಿದೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಜಯ್ ಮಾತುಮಾತಿಗೂ ನಾಣ್ಯ ಚಿಮ್ಮುತ್ತಾನೆ. ಅದರ ಎರಡು ಬದಿಯೂ ಒಂದೇ ಎಂದು ವೀರುವಿಗೆ ತಿಳಿಯುವುದು ಗೆಳೆಯ ಸತ್ತ ಮೇಲೆ. ಪ್ರೀತಿಯಿಂದ ಮಾಡಿದ್ದೇ ಇರಬಹುದು, ಆದರೂ ಅದು ಆಟವಲ್ಲ; ವೀರುವಿಗೆ ಆಯ್ಕೆಯೇ ಇರಲಿಲ್ಲ.

ಎರಡನೆಯದು ಇನ್ನೂ ಕಠಿಣ. ಶಕುನಿಯೆಂದರೆ ನಮಗೆ ಮೋಸದ ದಾಳ ನೆನಪಾಗುತ್ತದೆ. ಆದರೆ ಮಹಾಭಾರತದ ಸಭಾಪರ್ವದಲ್ಲಿ ಅವನು ದುರ್ಯೋಧನನಿಗೆ ಮೊದಲು ಹೇಳುವುದು ಎದುರಾಳಿಯ ಸ್ವಭಾವವನ್ನು: ಧರ್ಮರಾಯನಿಗೆ ಜೂಜು ಇಷ್ಟ, ಆಡಲು ಬಾರದು, ಕರೆದರೆ ಹಿಂದೆಗೆಯಲಾರ. ಈ ಮೂರನೆಯ ಮಾತಿನಲ್ಲೇ ಆಟ ಮುಗಿದಿತ್ತು. ಪ್ಯಾಕ್ ಮಾಡಲಾರದವನನ್ನು ಆರಿಸಿ ಕೂರಿಸಿದ ಮೇಲೆ ದಾಳ ನೆಟ್ಟಗಿದ್ದರೂ ಅದು ಬೇಟೆಯೇ.

ಈ ಷರತ್ತು ಇಸ್ಪೀಟಿನ ಆಚೆಗೂ ಹೋಗುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೇ ನೋಡಿ. ಹರಾಜಿನಲ್ಲಿ ಬಂದ ಬೆಲೆ ಒಗ್ಗದಿದ್ದರೆ ರೈತ ಒಲ್ಲೆ ಎನ್ನಬಹುದು. ಆದರೆ ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಆಮೇಲೆ ಅದರಿಂದ ಉದ್ದನೆಯ ನೂಲು ಬಿಚ್ಚಲಾಗದು. ದಿನ ಕಳೆದಷ್ಟೂ ತೂಕವೂ ಇಳಿಯುತ್ತದೆ. ಒಲ್ಲೆ ಎನ್ನುವ ಹಕ್ಕು ನಿಯಮದಲ್ಲಿದೆ, ಗೂಡಿನೊಳಗೆ ಇಲ್ಲ. ಹೊರಗಿನಿಂದ ನೋಡಿದವರಿಗೆ ಅವನು ಬಂದ ಬೆಲೆಗೆ ತಲೆಯಾಡಿಸುವ ಅಂಜುಬುರುಕನಂತೆ ಕಾಣುತ್ತಾನೆ. ಅವನ ಮೌನ ಸ್ವಭಾವದ್ದಲ್ಲ, ಗಡುವಿನದು. ಕೊಳ್ಳುವ ರೀಲರ್ ಕೂಡ ಬಹುಪಾಲು ಸಣ್ಣವನೇ, ನಾಳೆ ಒಲೆ ಹೊತ್ತಿಸಲು ಇವತ್ತು ಗೂಡು ಬೇಕಾದವನು. ಅವನನ್ನು ಶಕುನಿ ಅನ್ನಲಾಗದು. ಆದರೆ ಗೂಡಿನ ವ್ಯಾಪಾರವನ್ನು 1959ರ ಕಾಯ್ದೆಯಿಂದ ಮಾರುಕಟ್ಟೆಯ ಕಟ್ಟಿಗೆ ತಂದದ್ದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಏಳಲಾಗದವನ ಅವಸರವನ್ನು ಒಬ್ಬನೇ ಒಬ್ಬ ಮರೆಯಲ್ಲಿ ಓದಬಾರದು. ಹತ್ತು ಜನ ಕೂಗುವ ಕಡೆ ಅದಕ್ಕೊಂದು ಬೆಲೆ ಬರಲಿ.

ಇಸ್ಪೀಟಿನ ನಿಜವಾದ ಅಪಾಯ ಹಣ ಕಳೆಯುವುದಷ್ಟೇ ಅಲ್ಲ. ಎದುರಿನವನ ಕೈನಡುಕವನ್ನು ಗುರುತಿಸಲು ಕಲಿತ ಕಣ್ಣು ಆಟ ಮುಗಿದ ಮೇಲೂ ಮುಚ್ಚುವುದಿಲ್ಲ. ಸಂಬಳ ಕೇಳಲು ಹಿಂಜರಿಯುವ ಕೆಲಸದವಳಲ್ಲಿ, ಮಗಳ ಮದುವೆಗೆ ಜಮೀನು ಮಾರಲು ಬಂದ ನೆರೆಯವನಲ್ಲಿ, ಪಾಲು ಕೇಳದ ತಂಗಿಯಲ್ಲಿ ಅದು ಬಿಗಿ ಕೈಯ, ಮೆತ್ತನೆಯ ಆಟಗಾರನನ್ನೇ ಕಾಣುತ್ತದೆ. ಅವರು ಯಾರೂ ಆಡಲು ಕೂತವರಲ್ಲ.

ಧರ್ಮರಾಯನ ಕಥೆ ಸೋಲಿಗೆ ನಿಲ್ಲುವುದಿಲ್ಲ. ವನವಾಸದಲ್ಲಿ ಬೃಹದಶ್ವ ಮುನಿ ಅವನಿಗೆ ಅಕ್ಷಹೃದಯವನ್ನು, ಅಂದರೆ ದಾಳದ ಗುಟ್ಟನ್ನು, ಕಲಿಸುತ್ತಾನೆ. ಆಮೇಲೆ ಅವನು ಕಂಕನೆಂಬ ಹೆಸರಿನಲ್ಲಿ ವಿರಾಟನೊಡನೆ ಆಡುತ್ತಾನೆ, ಗೆಲ್ಲುತ್ತಾನೆ, ಗೆದ್ದದ್ದನ್ನು ತಮ್ಮಂದಿರಿಗೆ ಹಂಚುತ್ತಾನೆ. ಕೌಶಲಕ್ಕೆ ಅವನು ನಾಚುವುದಿಲ್ಲ. ಆದರೆ ಮಗ ಯುದ್ಧ ಗೆದ್ದನೆಂಬ ಸುದ್ದಿಗೆ ಮೈಮರೆತ ವಿರಾಟ ದಾಳ ತರಿಸಿದ ದಿನ, ಇಷ್ಟು ಹಿಗ್ಗಿರುವವನ ಜೊತೆ ಇವತ್ತು ಆಡಲು ಮನಸ್ಸಿಲ್ಲ ಎನ್ನುತ್ತಾನೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನನ್ನು ನೆನಪಿಸುತ್ತಾನೆ. ಎದುರಿನವನನ್ನು ಅವನೂ ಓದಿದ್ದ. ಓದಿದ್ದಕ್ಕೇ ಎಚ್ಚರಿಸಿದ.